ಆರರ ಮೇಲೊಂದು

ಬಿದ್ದದ್ದಲ್ಲ. ಮೂಟೆ ಹೊತ್ತದ್ದೂ ಅಲ್ಲ.
ಮಂಚದ ಕೆಳಗೆ ಸರಿದಿದ್ದ ಎಕ್ಕಡಕ್ಕೆ ಬಗ್ಗಿದೆ,
ಅದೇ ಹೊತ್ತಿಗೆ ಸೀನು ಬಂತು.
ಬೆನ್ನೊಳಗೆಲ್ಲೋ
ಹುರಿದ ಕಡಲೆಕಾಯಿ ಬಿಡಿಸಿದ ಸದ್ದು.
ಅಷ್ಟೇ.

ಚಿಂತಾಮಣಿಯ ಮಂಡಿಯಲ್ಲಿ ನಲವತ್ತೊಂದು ವರ್ಷ
ಕೊಳಗ ಹಿಡಿದವನು ನಾನು, ಅಳತೆ ಪಿಳ್ಳಪ್ಪ.
ರಾಗಿ, ಹುರುಳಿ, ಅವರೆ,
ಯಾವ ಕಾಳು ಎಷ್ಟು ಇಳಿಯುತ್ತದೆಂದು ಕೈಗೆ ಗೊತ್ತು.
ಎಕ್ಸ್‌ರೇ ಬೆಳಕಿಗೆ ಹಿಡಿದ ಡಾಕ್ಟರು
ಬಾಯಿ ಬಿಡುವ ಮೊದಲೇ ತಿಳಿಯಿತು:
ತುಂಬಿದ ಚೀಲವನ್ನು ಎರಡು ಸಲ ನೆಲಕ್ಕೆ ಕುಟ್ಟಿದರೆ
ಬಾಯಿಮಟ್ಟ ಇದ್ದದ್ದು ಗೇಣು ಕೆಳಗಿಳಿಯುತ್ತದಲ್ಲ,
ಹಾಗೆ ಕೂತುಬಿಟ್ಟಿದೆ ಸೊಂಟದ ಮೇಲಿನ ಮಣಿ.
ಒಂದೂವರೆ ಇಂಚು ಗಿಡ್ಡನಾಗಿದ್ದೇನೆ.
ಅಂಗಿ ಮಾತ್ರ ಹಳೇ ಪಿಳ್ಳಪ್ಪನದು, ಮಂಡಿಗೆ ಬಡಿಯುತ್ತದೆ.
ಮಂಡಿ ಅಂದರೆ ಈಗ ನನಗೆ ಇದೊಂದೇ,
ಕಟಕಟ ಅನ್ನುವುದು.

ಮೂರು ವಾರ ಮಲಗಿದೆ.
ಮೂಳೆ ಕೂಡುತ್ತದೆ ಅಂದರು, ಕೂಡುತ್ತಿತ್ತು.
ಇತ್ತ ಮಾಂಸ, ಗೇಟ್ ಪಾಸೂ ಇಲ್ಲದೆ,
ರಾತ್ರಿಯೆಲ್ಲ ಹೊರಗೆ ಸಾಗುತ್ತಿತ್ತು.
ತೊಡೆಗೆ ಎಣ್ಣೆ ಹಚ್ಚಲು ಬಂದ ಅಶ್ವತ್ಥಮ್ಮ
ಒಂದು ಗಳಿಗೆ ಕೈ ಎತ್ತಿಬಿಟ್ಟಳು,
ಪರಪುರುಷನ ಕಾಲು ಮುಟ್ಟಿದವಳ ಹಾಗೆ.
ಆಮೇಲೆ ಮಾತಿಲ್ಲದೆ ಹಚ್ಚಿದಳು.
ಈಗ ಬೆಳಿಗ್ಗೆ ಎದ್ದರೆ ಅವಳೇ ಬೆಲ್ಟು ಬಿಗಿಯುವುದು,
ದಬ್ಬಣವೊಂದಿಲ್ಲ, ಚೀಲದ ಬಾಯಿ ಹೊಲಿದಂತೆ.
"ಲೋಡಾಯಿತು, ಹೊರಡಿ" ಅನ್ನುತ್ತಾಳೆ.

ಎಕ್ಸ್‌ರೇ ಕೋಣೆಯ ಹಿಂದಿನ ಕೋಣೆಯಲ್ಲಿ ಜೆಸಿಂತಾ,
ಚಾಂಪಿಯನ್ ರೀಫಿನ ಹುಡುಗಿ.
ಅವಳ ತಾತ ಗಣಿಯಲ್ಲಿ ಎಷ್ಟು ಆಳ ಇಳಿದಿದ್ದನೋ,
ಇವಳಿಗೆ ಜನರನ್ನು ಮೇಲೆತ್ತುವ ಕೆಲಸ.
"ಕೈ ಎದೆಗೆ ಕಟ್ಟಿ ತಾತ. ಬೆನ್ನು ಬಗ್ಗಿಸಬೇಡಿ.
ಕುರ್ಚಿಯಿಂದ ಹತ್ತು ಸಲ. ಎಣಿಸಿ."

ಎಣಿಸುವುದನ್ನು ನನಗೆ ಹೇಳಿಕೊಡಬೇಕೆ?
ಲಾಭಂ. ಮೊದಲ ಕೊಳಗವನ್ನು ಒಂದು ಅನ್ನುವುದಿಲ್ಲ ನಾವು.
ರೆಂಡು. ಮೂಡು. ನಾಲುಗು.
ಐದಕ್ಕೆ ತೊಡೆ ಜರಡಿಯಾಡಿತು.
ಆರು.
ಆರುನ್ನೊಕಟಿ.

"ಆರರಲ್ಲೇ ನಿಂತಿರಲ್ಲ?" ಅಂದಳು.
ಹೇಳಿದೆ: ನಮ್ಮ ಮನೆಯ ತೆಲುಗಿನಲ್ಲಿ
ಆರರ ಮುಂದಿನದು ಏಡು.
ಏಡು ಅಂದರೆ ಅಳು ಅಂತಲೂ ಆಗುತ್ತದೆ.
ರಾಶಿಯ ಮುಂದೆ ಅಳು ಅನ್ನಬಾರದೆಂದು
ನಮ್ಮಪ್ಪ ಕಲಿಸಿದ್ದು, ಆರರ ಮೇಲೊಂದು.
ಬರಗಾಲದಲ್ಲೂ ಬಾಯಿಗೆ ತಂದವನಲ್ಲ.

ಪೆನ್ನು ಕಚ್ಚಿಕೊಂಡು ನಿಂತಿದ್ದಳು.
"ಕನ್ನಡದಲ್ಲಿ ಹೇಳಿ ನೋಡಿ."

ಏಳು.

ಯಾರು ಯಾರಿಗೆ ಹೇಳಿದರೋ.
ಅಂಕಿಯ ಹಿಂದೆ ಒಬ್ಬ ಮೇಸ್ತ್ರಿ ನಿಂತಿದ್ದ
ಇಷ್ಟು ವರ್ಷ, ನನಗೇ ಕಂಡಿರಲಿಲ್ಲ.
ಎದ್ದೆ.
ಎದ್ದು ನಿಂತ ಮೇಲೆ ಕಣ್ಣು
ತೆಲುಗಿನ ಪಾಲನ್ನೂ ಕೊಟ್ಟಿತು, ಸ್ವಲ್ಪ.
ಎಂಟು ಆ ದಿನ ಆಗಲಿಲ್ಲ.

ದಿನಕ್ಕೆರಡು ಮೊಟ್ಟೆ, ಶನಿವಾರ ಹುರುಳಿಕಟ್ಟು.
ನೀರಿನ ಟ್ಯಾಂಕಿನವರೆಗೆ ಹೋಗುತ್ತೇನೆ,
ಬರುವಾಗ ಬೀಡಿ ಅಂಗಡಿಯ ಕಟ್ಟೆಯಲ್ಲಿ ಒಂದು ಸಲ ಕೂರುತ್ತೇನೆ,
ಅಶ್ವತ್ಥಮ್ಮನಿಗೆ ಹೇಳುವುದಿಲ್ಲ.
ಎರಡು ತಿಂಗಳಾದ ಮೇಲೆ ಜೆಸಿಂತಾ ತೊಡೆಗೆ ಟೇಪು ಸುತ್ತಿದಳು.
"ಸಡಿಲ ಹಿಡಿಯಬೇಡ," ಅಂದೆ,
"ಅಳತೆಯವನ ಮುಂದೆಯೇ ಆಟವಾ?"
ಬಿಗಿ ಎಳೆದು ನೋಡಿದಳು. ಅರ್ಧ ಇಂಚು ಹೆಚ್ಚು.

ಕೂತ ಮಣಿ ಕೂತಿತು, ಅದಕ್ಕೆ ಏಳು ಅಂದರೆ ಕೇಳಿಸದು.
ಈ ಅರ್ಧ ಇಂಚಿಗೆ ಮಂಡಿಯಲ್ಲಿ ಕೊಸರು ಅನ್ನುತ್ತಾರೆ.
ಅಳೆದು ಮುಗಿಸಿದ ಮೇಲೆ, ಬೊಗಸೆಯಲ್ಲಿ,
ಲೆಕ್ಕಕ್ಕೆ ಸೇರಿಸದೆ ಹಾಕುವುದು.

ಎಕ್ಕಡ ಇನ್ನೂ ಮಂಚದ ಕೆಳಗೇ ಇದೆ, ಎಡಗಾಲಿನದು.
ಇವಳು ತೆಗೆಯಲು ಹೋದರೆ ಬೇಡ ಅಂದಿದ್ದೇನೆ.