ಓರಿವೆಸಿಯ ಹೋರಿಗಳಿಗೆ

ಸ್ವಿಚ್ ಆರಿಸಿದ ಮಾತ್ರಕ್ಕೆ ಆರುವುದಿಲ್ಲ, ಮಗೂ.
ಹಜಾರದ ಈ ಪಿಂಗಾಣಿ ಕಂಬಗಳು
ಮಿಂಚು ಸಿಡಿಸಿ ಮುಗಿದ ಮೇಲೂ
ಒಡಲಲ್ಲಿ ಒಂದಿಷ್ಟು ಬಚ್ಚಿಟ್ಟುಕೊಂಡಿರುತ್ತವೆ.
ನೆಲಕ್ಕೆ ತಂತಿ ಬಿಗಿದ ಈ ಉದ್ದ ಕೋಲು ತಾಗಿಸು.
ಚಟ್ ಅನ್ನುತ್ತೆ. ಇನ್ನೊಮ್ಮೆ ತಾಗಿಸು.
ಆಮೇಲೆ ಕಾಲಿಡು.
ಮೂವತ್ತೊಂದು ವರ್ಷ ಹಿಡಿದ ಕೋಲು,
ನೋಡು, ಹತ್ತು ಬೆರಳೂ ಇವೆ.

ಪ್ರೊಫೆಸರ್ ಹೆಲ್ಯಾ ಕೊರ್ಪೆಲಾಗೆ
ಒಂದು ವಯಸ್ಸಿನ ಮೇಲೆ ಮಿಂಚು ಸಾಕಾಯಿತು.
ಆ ಮೂಲೆಯಲ್ಲೊಂದು ತೊಟ್ಟಿ ಇಡಿಸಿದರು,
ಅದರೊಳಗೆ ಕುದಿಯುವ ಚಳಿ,
ಚಳಿಯಲ್ಲಿ ಮುಳುಗಿದ, ಊಟದ ತಟ್ಟೆಯಗಲ ಉಂಗುರ.
ಒಮ್ಮೆ ಕರೆಂಟು ಹರಿಸಿ ತಂತಿ ಕಿತ್ತರು.
ಒಳಗೆ ಅದು ಸುತ್ತುತ್ತಲೇ ಇತ್ತು,
ಎತ್ತಿಲ್ಲದ ಗಾಣ.

ಊರಿಂದೂರಿಗೆ ಹೋಗುವ ತಂತಿ
ದಾರಿಯುದ್ದ ಬಿಸಿಯಾಗಿ ಗಾಳಿಗೆ ಸುಂಕ ತೆರುತ್ತದಂತೆ.
ಆ ಸುಂಕ ಉಳಿಸುವುದು ಅವರ ಲೆಕ್ಕ.
"ತಡೆ ಇಲ್ಲ, ಅಷ್ಟೇ" ಅನ್ನುವರು.
ತಡೆಯೇ ಇಲ್ಲದ್ದು ಎಷ್ಟು ದಿನ ತಡೆದೀತು?
ನಾನು ಕೇಳಲಿಲ್ಲ. ನೆಲ ಗುಡಿಸಿದೆ.

ನಲವತ್ತಮೂರನೆಯ ದಿನ ಹಿಮ.
ಸಾರಜನಕದ ಟ್ಯಾಂಕರು ಹೆದ್ದಾರಿಗೆ ಅಡ್ಡ ಮಲಗಿತು.
ತೊಟ್ಟಿಯ ದ್ರವ ಗೇಣಿನಿಂದ ಬೆರಳಿಗೆ ಇಳಿಯಿತು.
ಹೊರಗೆ ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ,
ಆ ಉಂಗುರಕ್ಕೆ ಅದು ಕಾದ ಬಾಣಲೆ.
ಆಕೆ ದಿಕ್ಸೂಚಿಯ ಮುಳ್ಳನ್ನೇ ನೋಡುತ್ತ ಕೂತರು,
ಕೋಟಿನ ಗುಂಡಿ ಒಂದು ಮನೆ ತಪ್ಪಿಸಿ ಹಾಕಿಕೊಂಡು.

ಭಾವಮೈದ ಟಾನೆಲಿಗೆ ಫೋನು ಹಚ್ಚಿದೆ.
ಓರಿವೆಸಿಯಲ್ಲಿ ಹೋರಿಗಳ ವೀರ್ಯ ಕಾಪಿಡುವ ಕೇಂದ್ರ,
ಅಲ್ಲಿ ಅವನಿಗೆ ಕೆಲಸ.
"ನಲವತ್ತು ಲೀಟರು ಕೊಡು."
"ಹುಟ್ಟದ ಕರುಗಳ ಪಾಲಿಗೆ ಕೈ ಹಾಕ್ತೀಯಲ್ಲೋ!"
ಬೈದ. ಬೈಯುತ್ತಲೇ ಕ್ಯಾನುಗಳನ್ನು ಜಾರುಬಂಡಿಗೆ ಬಿಗಿದ.
ಹೆಪ್ಪುಗಟ್ಟಿದ ಸರೋವರದ ಮೇಲಿಂದಲೇ
ಒಂದೇ ದೀಪ ನಮ್ಮ ಕಡೆ ಬಂತು.

ಸುರಿದೆವು. ಬಿಳಿ ಹೊಗೆ ಮೊಣಕಾಲು ಮುಚ್ಚಿತು.
ಆಮ್ಲಜನಕದ ಮೀಟರು ಕಿರುಚಿಕೊಂಡಿತು,
ಬಾಗಿಲು ಒದ್ದು ತೆರೆದೆ.
ಮುಳ್ಳು ಅಲುಗಲಿಲ್ಲ.
ಟಾನೆಲಿ ಬಗ್ಗಿ ನೋಡಿ ಕೇಳಿದ:
"ಇದರಲ್ಲಿ ಏನೂ ಆಗ್ತಾ ಇಲ್ಲವಲ್ಲ?"
ಆಕೆ ನಕ್ಕದ್ದನ್ನು ನಾನು ನೋಡಿದ್ದು ಆವತ್ತೇ.

ಪ್ರಬಂಧದ ಕೊನೆಯ ಸಾಲಲ್ಲಿ
ಓರಿವೆಸಿಯ ಹೋರಿಗಳಿಗೆ ಕೃತಜ್ಞತೆ ಬರೆದಿದ್ದರು.
ಸಂಪಾದಕರು ಗೀಟು ಹೊಡೆದರು.
ಮತ್ತೆ ಬರೆದರು. ಮತ್ತೆ ಹೊಡೆದರು.
ಆ ಕರಡು ಇಲ್ಲೇ, ನನ್ನ ಡ್ರಾಯರಿನಲ್ಲಿದೆ.

ತಗೋ, ಕೋಲು ಇನ್ನು ನಿನ್ನದು.
ತೊಟ್ಟಿಯ ಹತ್ತಿರ ಮಾತ್ರ ಇದು ಬೇಡ.
ಕೈಗಡಿಯಾರ ಬಿಚ್ಚಿಟ್ಟು ಹೋಗು.