ಎರಡು ಪುಟದ ಮಿತಿ

ನಡುರಾತ್ರಿಯೊಳಗೆ ಕಳಿಸಿ, ಎಂದಿತ್ತು ಪ್ರಕಟಣೆ.
ಯಾರ ನಡುರಾತ್ರಿ?
ಭೂಮಿಯ ಮೇಲೆ ದಿನ ಕಟ್ಟಕಡೆಗೆ ಮುಗಿಯುವ
ಯಾವುದೋ ದ್ವೀಪದ್ದಂತೆ. ಮನುಷ್ಯರಿಲ್ಲ ಅಲ್ಲಿ.
ಹಕ್ಕಿಗಳುಂಟು, ಹಿಕ್ಕೆಯುಂಟು.
ಅವುಗಳಿಗೆ ಹನ್ನೆರಡು ಹೊಡೆದಾಗ
ಕಿಸುಮುವಿನಲ್ಲಿ ನಮಗೆ ಮರುದಿನ ಮಧ್ಯಾಹ್ನ ಮೂರು.

ಹೀಗೆ ಒಂದು ಊಟದ ಹೊತ್ತು ಪುಕ್ಕಟೆ ಸಿಕ್ಕಿತು.
ಅಪೊಂಡಿ ಉಣ್ಣಲಿಲ್ಲ.

ನಮ್ಮದು ತಕ್ಕಡಿ.
ಸರೋವರದ ದಂಡೆಯಲ್ಲಿ ದೋಣಿಗೆ ಕಾಯುವ ಹೆಂಗಸರಿಗೆ
ಮೀನಿನ ತೂಕವನ್ನು ಲುವೊ ಮಾತಿನಲ್ಲಿ ಕೂಗಿ ಹೇಳುವ ತಕ್ಕಡಿ.
‘ದಲ್ಲಾಳಿಯ ಮುಳ್ಳು ದಲ್ಲಾಳಿಯ ಕಡೆಗೇ ತಿರುಗಿರುತ್ತದೆ,
ದನಿಗೆ ಮುಖವಿಲ್ಲ, ಬೆನ್ನಿಲ್ಲ.’
ಇದು ಅಪೊಂಡಿ ಬರೆದ ವಾಕ್ಯ. ಚೆನ್ನಾಗಿತ್ತು.
ನಾನೇ ಹೊಡೆದುಹಾಕಿದೆ. ಮೂರು ಸಾಲು ಹೆಚ್ಚಾಗಿತ್ತು.

ಎರಡು ವರ್ಷವನ್ನು ಎರಡು ಪುಟಕ್ಕೆ ಹಿಡಿಸುವುದೆಂದರೆ
ಕಪ್ಪೆ ತೂಗಿದ ಹಾಗೆ.
ಚಿತ್ರವನ್ನು ಒಳಗೆ ಕೂರಿಸಿದರೆ ಕೋಷ್ಟಕ ಹಾರುತ್ತದೆ,
ಕೋಷ್ಟಕ ಹಿಡಿದರೆ ಆಕರಗಳು
ಮೂರನೆಯ ಪುಟಕ್ಕೆ ಜಿಗಿದು ಅಲ್ಲಿಂದ ಕಣ್ಣು ಬಿಡುತ್ತವೆ.

ಪೋಸ್ಟರಿಗೆ ಬೇರೆ ಅರ್ಜಿ, ಪ್ರಾತ್ಯಕ್ಷಿಕೆಗೆ ಬೇರೆ.
ಮೇಜು ಎಷ್ಟು ಉದ್ದ? ಪ್ಲಗ್ ಎಷ್ಟು?
ಸದ್ದು ಮಾಡುತ್ತದೆಯೇ?
ಮಾಡುತ್ತದೆ ಸ್ವಾಮಿ, ಅದಕ್ಕೇ ಹುಟ್ಟಿದ್ದು.
‘ಇತರೆ’ ಎಂಬಲ್ಲಿ ಅಪೊಂಡಿ ಬರೆದಳು: ಒಂದು ಮೀನು.
ಬೆರ್ಗೆನ್ನಿನಲ್ಲಿ ಮೀನಿಗೇನು ಬರವೆ, ಎಂದೆ.
ಬರವಿಲ್ಲ, ಅಲ್ಲಿನ ಬೆಲೆ ನೋಡಿದೆಯಾ, ಎಂದಳು.
ಅಳಿಸಿ ಬರೆದಳು: ಸೇಬು, ನಾಲ್ಕು.

ಎರಡೂ ಹತ್ತಕ್ಕೆ ಕರೆಂಟು ಹೋಯಿತು.
ನನ್ನ ಫೋನಿನ ಇಂಟರ್ನೆಟ್ಟಿನಲ್ಲಿ ಕಡತ ಏರತೊಡಗಿತು,
ಗರ್ಭಿಣಿ ಮೆಟ್ಟಿಲೇರುವ ಹಾಗೆ, ನಿಂತು ನಿಂತು.
ಎರಡೂ ಮೂವತ್ತೊಂದು. ಸ್ವೀಕರಿಸಲಾಗಿದೆ.

ಆಗ ಬಂದಳು ನ್ಯಾರ್ ಉಯೋಮಾ, ಬುಟ್ಟಿಯ ಸಮೇತ.
ತಕ್ಕಡಿಯೊಳಗಿನ ದನಿ ಇವಳದೇ.
ಫ್ಯಾನು ನಿಲ್ಲಿಸಿದ ಕೋಣೆಯಲ್ಲಿ ಬೆವರುತ್ತ
ಒಂದರಿಂದ ಹತ್ತು, ನಲವತ್ತು ಸಲ ಎಣಿಸಿದವಳು.
‘ಕಳಿಸಿದಿರಾ? ಎಷ್ಟು ತೂಕ?’
ಎರಡು ಮೆಗಾಬೈಟಿಗೆ ಕೊಂಚ ಕಡಿಮೆ, ಎಂದೆ.
‘ಮೀನಿನ ಲೆಕ್ಕದಲ್ಲಿ ಹೇಳೋ ವೆರೆ.’
ಹೇಳಲಾಗಲಿಲ್ಲ.
ಅವಳು ಒಂದು ತಿಲಾಪಿಯಾ ತೆಗೆದು ಕೊಕ್ಕೆಗೆ ಸಿಕ್ಕಿಸಿದಳು.

ಅದೆಕ್, ಎಂದಿತು ತಕ್ಕಡಿ ಅವಳದೇ ಗಂಟಲಲ್ಲಿ. ಮೂರು.
‘ಸುಳ್ಳು,’ ಎಂದಳು ಅವಳು ಅದೇ ಗಂಟಲಲ್ಲಿ.
‘ಎರಡೂವರೆಯ ಮೇಲೆ ಒಂದು ಹುರುಪೆಯೂ ಇಲ್ಲ.’

ಕೊಕ್ಕೆಯ ಬುಡದಲ್ಲಿ ವಾರದ ಲೋಳೆ ಒಣಗಿ
ಸಂವೇದಕವನ್ನು ಹಿಡಿದುಕೊಂಡಿತ್ತು.
ತೊಳೆದೆವು. ಸರಿಯಾಗಿ ಹೇಳಿತು.
ಐವತ್ತು ಗ್ರಾಮಿಗಿಂತ ಹೆಚ್ಚು ತಪ್ಪುವುದಿಲ್ಲ
ಎಂದು ನಾವು ಬರೆದು ಕಳಿಸಿಯಾಗಿತ್ತು.

ಎರಡೂ ನಲವತ್ತು.
ಗಡುವಿನವರೆಗೆ ತಿದ್ದಬಹುದು. ತಿದ್ದಬೇಕು, ಎಂದಳು ಅಪೊಂಡಿ,
ಕೊಕ್ಕೆಯನ್ನು ದಿನಕ್ಕೊಮ್ಮೆ ತೊಳೆಯದಿದ್ದರೆ
ಈ ಯಂತ್ರ ಅರ್ಧ ಕಿಲೋ ಸುಳ್ಳಾಡುತ್ತದೆ ಅಂತ.
ಒಂದು ಸಾಲು ಬೇಕು. ಒಂದು ಸಾಲು ಇಲ್ಲ.
ಚಿತ್ರ ಕುಗ್ಗಿಸಿದೆ, ಅಂಚು ಸವರಿದೆ, ಹೆಸರುಗಳ ನಡುವಣ
ಜಾಗವನ್ನೂ ಹಿಂಡಿದೆ. ಕೊನೆಗೆ ಉಳಿದದ್ದು
ಕಟ್ಟಕಡೆಯ ಕೃತಜ್ಞತೆಯ ಸಾಲು, ಅವಳ ಹೆಸರಿದ್ದದ್ದು.

ನಾವು ಮಾತಾಡಲಿಲ್ಲ. ಪರದೆಯ ಮೇಲಿನ ನಮ್ಮ ಕಣ್ಣು ಹಿಡಿದು
ಅವಳೇ ಕೇಳಿದಳು, ‘ಅಲ್ಲೇನಿದೆ?’
ನಿನ್ನ ಹೆಸರು.
‘ಅದು ನನಗೆ ಗೊತ್ತಲ್ಲ. ಕೊಕ್ಕೆಯದ್ದು ಅವರಿಗೆ ಗೊತ್ತಿಲ್ಲ.’

ಎರಡೂ ಐವತ್ತೆಂಟಕ್ಕೆ ಮತ್ತೆ ಕಳಿಸಿದೆವು.
ಅವಳು ಮೀನನ್ನು ಬುಟ್ಟಿಗೆ ಹಾಕಿಕೊಂಡು,
ಬಿಸಿಲಿಗೆ ಕೆಡುತ್ತದೆಂದು ಬೇಗ ಬೇಗ ಹೋದಳು.
ದೂರದ ಆ ದ್ವೀಪದಲ್ಲಿ ನಡುರಾತ್ರಿಯಾಯಿತು,
ಯಾವ ಹಕ್ಕಿಯೂ ಎದ್ದಿರಲಾರದು.

ಆಯ್ಕೆಯ ಪತ್ರ ಇನ್ನೂ ಬಂದಿಲ್ಲ.
ದಿನಾ ಸಂಜೆ ಕೊಕ್ಕೆ ತೊಳೆಯುತ್ತೇನೆ.