ಹದಿನೇಳನೇ ಪುಟ

ಆಂಡರ್ಸನ್‌ಪೇಟೆಯ ಗುಜರಿಯಲ್ಲಿ ಅವರು ಸಿಕ್ಕಿದ್ದು
ಸೀಸದ ಲೆಕ್ಕದಲ್ಲಿ: ಒಂದು ಕೇಜಿ ನಾನೂರು ಗ್ರಾಂ.
ಅನ್ವರ್ ಪಾಷಾ ತಕ್ಕಡಿಯಿಂದ ಒಬ್ಬನನ್ನೆತ್ತಿ
ಬೆಳಕಿಗೆ ಹಿಡಿದು, "ಬ್ಯಾಟರಿಯವರು ಕರಗಿಸೋಕೆ ಒಯ್ತಾರೆ,
ನಿಮಗ್ಯಾಕೆ ಮೇಡಂ?" ಅಂದ.

ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಆಳು.
ತಲೆಗೆ ಬಲ್ಬಿನಂಥ ಹೆಲ್ಮೆಟ್ಟು, ಬೆನ್ನಿಗೆರಡು ಸಿಲಿಂಡರು,
ಬಂದೂಕಿನ ತುದಿಗೆ, ಯಾಕೋ ಏನೋ, ಮೂರು ಬಳೆ.
ಅಂಗಾಲಲ್ಲಿ ಇಸವಿ, ಎಪ್ಪತ್ತಾರು.
ಐವತ್ತು ವರ್ಷ ಹಿಂದಿನ ಜನ ಕಂಡ
ನೂರು ವರ್ಷ ಮುಂದಿನ ಜನ.

ಪೆಟ್ಟಿಗೆಯ ತಳದಲ್ಲಿ ಆಟದ ನಿಯಮ,
ಸೈಕ್ಲೋಸ್ಟೈಲ್ ಪ್ರತಿ, ತುಕ್ಕಿನ ಎರಡು ಪಿನ್ನು.
ಮೇಲೆ ಪೆನ್ಸಿಲಿನಲ್ಲಿ: ಡಿ. ರೊಜಾರಿಯೊ, ಸರ್ವೆ ಆಫೀಸು.
ಸರದಿಗೆ ನಾಲ್ಕಿಂಚು ನಡಿಗೆ; ಓಡಿದರೆ ಏಳು.
ಒಂದು ಸಿಲಿಂಡರಿನ ಉಸಿರು ಆರು ಸರದಿಗೆ.
ಹದಿನಾರನೇ ಪುಟ ಮುಗಿಯುವುದು ಹೀಗೆ:
"ಪಡೆಯಲ್ಲಿ ಅರ್ಧ ಜನ ಬಿದ್ದರೆ ಉಳಿದವರು"
ಆಮೇಲೆ ಹದಿನೆಂಟು.

ಹಗಲು ನಾನು ಹಲ್ಲು ಮಾಡುತ್ತೇನೆ.
ರಾಬರ್ಟ್‌ಸನ್‌ಪೇಟೆಯ ಮೂರು ಡಾಕ್ಟರರಿಗೆ
ಒಬ್ಬಳೇ ನಾನು; ಊರಿನ ಎಷ್ಟೋ ನಗು
ಮೊದಲು ನನ್ನ ಪ್ಲಾಸ್ಟರಿನಲ್ಲಿ ನಕ್ಕದ್ದು.
ರಾತ್ರಿ ಅದೇ ಬುರುಸು, ಅದೇ ಭೂತಗನ್ನಡಿ.
ಸೀಸಕ್ಕೂ ಹುಳುಕು ಹಿಡಿಯುತ್ತದೆ, ಗೊತ್ತೆ?
ಬಿಳೀ ಪುಡಿ, ಒಳಗಿಂದ. ಕೆರೆಯಬೇಕು, ಒಣಗಿಸಬೇಕು,
ಇರುವ ಮೈಯನ್ನು ಇದ್ದಷ್ಟು ಉಳಿಸಿಕೊಳ್ಳಬೇಕು.
ತೋಳಿಲ್ಲದ ಒಬ್ಬನಿಗೆ ತೋಳು ಕಟ್ಟಿದೆ,
ಒಸಡಿಗೆ ಹಾಕುವ ಗುಲಾಬಿ ಅಕ್ರಿಲಿಕ್ಕಿನಲ್ಲಿ.

ಮಂಗಳ ಗ್ರಹವನ್ನು ಮಾತ್ರ ಮಾಡಬೇಕಾಗಲಿಲ್ಲ.
ಕಿಟಕಿ ತೆರೆದರೆ ಸೈನೈಡ್ ದಿಬ್ಬ,
ಒಂದು ಹುಲ್ಲೆಸಳಿಲ್ಲದೆ, ಸಂಜೆಗೆ ಕೆಂಪಾಗುತ್ತ.
ನೋಡಿಕೊಂಡು ಅದನ್ನೇ ಮೇಜಿನ ಮೇಲೆ ಎರೆದೆ.

ಎದುರಾಳಿ ಮುನಿವೆಂಕಟಪ್ಪ.
ಕೆಳದವಡೆಯ ಸೆಟ್ಟು ಕಚ್ಚುತ್ತದೆಂದು ಜಗಳಕ್ಕೆ ಬಂದವರು
ಒಣಗಲು ನಿಂತ ಇಪ್ಪತ್ತೆರಡು ಜನರನ್ನು ಕಂಡು
ಜಗಳ ಮರೆತು ಕೂತರು.
ಇಪ್ಪತ್ತೆಂಟು ವರ್ಷ ಗಣಿಯ ವೈಂಡಿಂಗ್ ಎಂಜಿನ್ ಓಡಿಸಿ
ಜನರನ್ನು ಇಳಿಸಿದವರು, ಏರಿಸಿದವರು.

ಮೂರನೇ ಆಟಕ್ಕೇ ಅರ್ಧ ಜನ ಬಿದ್ದರು.
ನಾನಂದೆ: ದಾಳ ಹಾಕೋಣ.
ನಾಲ್ಕಕ್ಕಿಂತ ಕಡಿಮೆ ಬಿದ್ದರೆ ಉಳಿದವರು ಓಡಿಹೋಗಲಿ.
"ಓಡೋದು ಎಲ್ಲಿಗಮ್ಮಾ? ಆಚೆ ಗಾಳಿ ಇಲ್ಲಾಂತ
ನೀನೇ ತಾನೆ ಓದಿದ್ದು?"
ಸ್ವಲ್ಪ ಹೊತ್ತು ದಿಬ್ಬದ ಕಡೆ ನೋಡಿದರು.
"ಟೋಕನ್ ಎಷ್ಟು ಹೋದ್ವು, ಎಷ್ಟು ಬಂದ್ವು, ಅದು ಹೇಳು.
ಲೆಕ್ಕ ಸರಿಹೋಗದೆ ಶಿಫ್ಟು ಮುಗಿಯಾಕಿಲ್ಲ."
ಅಂಗಿಯ ಜೇಬಿನಿಂದ ತೆಗೆದು ಮೇಜಿಗಿಟ್ಟರು:
ಹಿತ್ತಾಳೆ ಬಿಲ್ಲೆ, ನಾನ್ನೂರ ಹನ್ನೊಂದು.
ಎಂಜಿನ್ ಡ್ರೈವರು ಕೆಳಗೆ ಇಳಿಯುವುದಿಲ್ಲ,
ಅವನಿಗೆ ಟೋಕನ್ ಇಲ್ಲ.
ಯಾರದೆಂದು ನಾನು ಕೇಳಲಿಲ್ಲ.

ಅಂದಿನಿಂದ ನಮ್ಮ ಹದಿನೇಳನೇ ಪುಟ ಹೀಗೆ:
ಅರ್ಧ ಜನ ಬಿದ್ದರೆ ಉಳಿದವರು ಹಿಂದಿರುಗಬೇಕು.
ಒಬ್ಬನಿಗೆ ಒಬ್ಬನನ್ನು ಹೊರಿಸಬೇಕು.
ಹೊತ್ತವನ ನಡಿಗೆ ಎರಡೇ ಇಂಚು.
ಆಟ ರಾತ್ರಿ ಒಂದರವರೆಗೂ ಎಳೆಯುತ್ತಿತ್ತು,
ಇಬ್ಬರೂ ಗೆಲ್ಲುತ್ತಿರಲಿಲ್ಲ.

ಪೋದನೂರಿನಲ್ಲಿ ಒಬ್ಬ ಹಳೇ ರೈಲ್ವೆ ಗಾರ್ಡು,
ಅವರ ಬಳಿಯೂ ಇದೇ ಪುಸ್ತಕ, ಪೂರ್ತಿ.
ಎರಡು ವರ್ಷ ಕಾಗದ ಬರೆದ ಮೇಲೆ
ಮೊನ್ನೆ ಜೆರಾಕ್ಸ್ ಬಂತು.
"ದಾಳ ಎಸೆಯಬೇಕು. ನಾಲ್ಕಕ್ಕಿಂತ ಕಡಿಮೆಯಾದರೆ
ಪಲಾಯನ. ಬಿದ್ದವರನ್ನು ಪೆಟ್ಟಿಗೆಗೆ ಹಾಕತಕ್ಕದ್ದು."
ನಾನು ಹೇಳಿದ್ದೇ. ಅಕ್ಷರಕ್ಕೆ ಅಕ್ಷರ.

ಓದಿ ಹೇಳಿದೆ, ಸ್ವಲ್ಪ ಜಂಬದಿಂದಲೇ.
ಮುನಿವೆಂಕಟಪ್ಪ ನಾಲಿಗೆಯಲ್ಲಿ ಸೆಟ್ಟು ಸರಿಮಾಡಿಕೊಂಡು
"ಪ್ರಿಂಟ್ ಮಿಸ್ಟೇಕು" ಅಂದರು,
ಗುಲಾಬಿ ತೋಳಿನವನನ್ನು ಎತ್ತಿ
ಎರಡಿಂಚು
ಹಿಂದಕ್ಕೆ ನಡೆಸಿದರು.